ಕಾಸಿನ ಸರದ ತೂಕ

ನಮ್ಮೂರಿನಲ್ಲಿ ಕಾರನ್ನು ಯಾರೂ ಕದಿಯುವುದಿಲ್ಲ. ಕದ್ದರೆ ಕಾರಿನ ತೂಕವೆಲ್ಲ ಯಜಮಾನನ ಮೈಮೇಲೆ ಬಿದ್ದು ಅವನು ನಿಂತಲ್ಲೇ ಅಪ್ಪಚ್ಚಿಯಾಗುತ್ತಾನೆ. ಅದು ಕಳ್ಳತನವಲ್ಲ, ಕೊಲೆ ಎಂದು ನಮ್ಮ ಕಳ್ಳರಿಗೂ ಗೊತ್ತು. ಹಾಗಾಗಿ ಅವರು ಕಾರಿನ ಒಳಗಿದ್ದದ್ದನ್ನು ಮಾತ್ರ ತೆಗೆಯುತ್ತಾರೆ. ಕೊಡೆ, ಕೈಚೀಲ, ಹೊಸ ಚಪ್ಪಲಿ, ಹೀಗೆ ಒಬ್ಬ ಮನುಷ್ಯ ಹೊತ್ತುಕೊಂಡು ಬದುಕಬಹುದಾದಷ್ಟು. ಬೀದಿಯಲ್ಲಿ ಯಾರಾದರೂ ಒಂದು ಭುಜ ಇಳಿಬಿಟ್ಟು ಬಂದರೆ ನಾವು ಆರೋಗ್ಯ ವಿಚಾರಿಸುವ ಹಾಗೆ "ಏನು ಹೋಯ್ತು?" ಎಂದು ವಿಚಾರಿಸುತ್ತೇವೆ. ನಮ್ಮ ಬೀದಿಯ ದರ್ಜಿಯ ಕತ್ತರಿ ಹೋಗಿ ಎರಡು ವರ್ಷವಾಯಿತು. ಬಲಗೈ ಭಾರವಾದ ಮೇಲೆ ಅವನ ಹೊಲಿಗೆ ನೆಟ್ಟಗಾಗಿದೆ ಎಂದು ಹೆಂಗಸರೆಲ್ಲ ಅವನ ಹತ್ತಿರವೇ ಹೋಗುತ್ತಾರೆ.

ಕದ್ದವನ ಕೈಯಲ್ಲಿ ಸಾಮಾನಿಗೆ ತೂಕವೇ ಇರುವುದಿಲ್ಲ. ಚಿನ್ನವಾದರೂ ಒಣಗಿದ ಎಲೆಯ ಹಾಗೆ. ಯಾವ ಅಕ್ಕಸಾಲಿಯೂ ಅದನ್ನು ಕೊಳ್ಳುವುದಿಲ್ಲ. ಕಳೆದುಕೊಂಡವರು ಹೊತ್ತು ಹೊತ್ತು ಸಾಕಾಗಿ, ಮನಸಾರೆ "ಬಿಟ್ಟೆ" ಎಂದರೆ ಮಾತ್ರ ಭಾರ ಅವರ ಮೈಯಿಂದ ಇಳಿದು ಸಾಮಾನಿಗೆ ಹೋಗುತ್ತದೆ, ಆಗ ಅದು ಕಳ್ಳನದೇ. ಅಲ್ಲಿಯವರೆಗೆ ಕಳ್ಳ ಕಾಯುತ್ತಾನೆ, ಕಳೆದುಕೊಂಡವರು ಹೊರುತ್ತಾರೆ. ಕಾದು ಬೇಸತ್ತ ಕಳ್ಳ ಊರಬಾಗಿಲ ಹಳೆಯ ಸುಂಕದ ಕಟ್ಟೆಯ ಗೂಡಿನಲ್ಲಿ ಸಾಮಾನನ್ನು ಇಟ್ಟುಹೋಗುತ್ತಾನೆ. ಠಾಣೆಯ ಜಮಾದಾರರು ದಿನಾ ಬೆಳಿಗ್ಗೆ ಆ ಗೂಡಿಗೆ ಕೈ ಹಾಕಿ, ಸಿಕ್ಕಿದ್ದನ್ನು ದೂರು ಕೊಟ್ಟವರಿಗೆ ತಲುಪಿಸುತ್ತಾರೆ. ಒಡೆಯರ ಕೈ ಸೋಕಿದ ಕೂಡಲೇ ತೂಕ ಮರಳಿ ಸಾಮಾನಿನಲ್ಲಿ ಬಂದು ಕೂರುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದುಬಂದಿದೆ, ಯಾರೂ ಇದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ.

ನನ್ನ ಹೆಸರು ಇಂದುಮತಿ. ನನಗಿರುವವಳು ಒಬ್ಬಳೇ ಮಗಳು, ಚಾರುಲತೆ, ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ. ಅವಳ ಮದುವೆಗೆ ಇಪ್ಪತ್ತೆರಡು ದಿನ ಇದ್ದಾಗ ನಮ್ಮ ಕಾರಿನಿಂದ ಅವ್ವನ ಕಾಸಿನ ಸರ ಕಳವಾಯಿತು. ಅವ್ವನ ಸರ ಎಂದೇ ನಾವೆಲ್ಲ ಅದನ್ನು ಕರೆಯುತ್ತಿದ್ದೆವು. ಮೂವತ್ತೆರಡು ಕಾಸು, ನಡುವೆ ಕೆಂಪು ಹರಳಿನ ಪದಕ, ಹಾಕಿಕೊಂಡರೆ ಹೊಟ್ಟೆಯವರೆಗೆ ಇಳಿಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಅವಳ ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಬಂದದ್ದು. ಅದು ನಮ್ಮ ಮುತ್ತಜ್ಜಿಗೆ ಯಾವುದೋ ಪಾಳೆಯಗಾರರ ಮನೆಯಿಂದ ಉಡುಗೊರೆಯಾಗಿ ಬಂದದ್ದೆಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಮುತ್ತಜ್ಜಿ ಕುದುರೆ ಗಾಡಿಯಲ್ಲಿ ಕುಳಿತು ಬಂದಳೆಂದೂ ಸೇರಿಸಿದೆ. ನಮ್ಮ ಬೀಗಿತ್ತಿ ಸರ್ವಮಂಗಳಮ್ಮ, ಎಂದರೆ ಚಾರುವಿನ ಅತ್ತೆಯಾಗುವವರು, ಈ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳಿ, ಧಾರೆಯ ಹೊತ್ತಿಗೆ ಹುಡುಗಿಯ ಕೊರಳಲ್ಲಿ ಆ ಸರ ಇರಲೇಬೇಕು ಎಂದಿದ್ದರು. ನನಗೂ ಬೇಕಾಗಿದ್ದದ್ದು ಅದೇ.

ಆ ದಿನ ಬೆಳಿಗ್ಗೆ ಸರಕ್ಕೆ ಮೆರುಗು ಕೊಡಿಸಿಕೊಂಡು ಅಕ್ಕಸಾಲಿಯ ಅಂಗಡಿಯಿಂದ ಹೊರಟೆವು. ಚಿನ್ನವನ್ನು ಕೈಚೀಲದಲ್ಲಿ ಇಡುವ ದಡ್ಡಿ ನಾನಲ್ಲ. ನಮ್ಮ ಹಿತ್ತಾಳೆಯ ನಾಲ್ಕು ಡಬ್ಬಿಯ ಕ್ಯಾರಿಯರ್‌ನಲ್ಲಿ ಕೆಳಗಿನ ಡಬ್ಬಿಗೆ ಸರ ಹಾಕಿ, ಮೇಲಿನ ಮೂರಕ್ಕೂ ಚಿತ್ರಾನ್ನ ತುಂಬಿ ಹಿಂದಿನ ಸೀಟಿನ ಕೆಳಗೆ ತಳ್ಳಿದ್ದೆ. ಊರಿನ ಎಲ್ಲ ಹೆಂಗಸರೂ ಹೀಗೇ ಮಾಡುತ್ತಾರೆಂದೂ ಅದು ಕಳ್ಳರಿಗೂ ಗೊತ್ತಿರುತ್ತದೆಂದೂ ನನಗೆ ಹೊಳೆಯಲಿಲ್ಲ. ಲಗ್ನಪತ್ರಿಕೆಯ ಕರಡು ನೋಡಲು ಪ್ರೆಸ್ಸಿನ ಮುಂದೆ ಕಾರು ನಿಲ್ಲಿಸಿ ನಾನೂ ನಮ್ಮ ಯಜಮಾನರೂ ಒಳಗೆ ಹೋದೆವು. ಬೀಗರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನು ತೋರಿಸಲು ಬಲಗೈ ಎತ್ತಿದೆ, ಕೈ ಏಳಲಿಲ್ಲ. ಯಾರೋ ಬೆರಳುಗಳಿಗೆ ಕ್ಯಾರಿಯರ್ ಸಿಕ್ಕಿಸಿದ ಹಾಗೆ ಜಗ್ಗುತ್ತಿತ್ತು.

"ರೀ, ಕ್ಯಾರಿಯರ್ ಹೋಯ್ತು!" ಎಂದು ಕೂಗಿಕೊಂಡೆ.

ಓಡಿ ಬಂದು ನೋಡಿದರೆ ಕಾರಿನ ಕಿಟಕಿಯ ರಬ್ಬರು ಕಿತ್ತು ಕೆಳಗೆ ಬಿದ್ದಿತ್ತು, ಸೀಟಿನ ಕೆಳಗೆ ಏನೂ ಇರಲಿಲ್ಲ. ನಾನು ಅಲ್ಲೇ ರಸ್ತೆಯಲ್ಲಿ ಕಣ್ಣು ಮುಚ್ಚಿ ನಿಂತೆ. ಕೈಯ ಭಾರ ಬಂದಾಯಿತು, ಇನ್ನು ಕೊರಳಿಗೆ ಬರಬೇಕು. ಸರದ ಭಾರವನ್ನು ತಡೆದುಕೊಳ್ಳಲು ಕುತ್ತಿಗೆ ಬಿಗಿಮಾಡಿಕೊಂಡೆ. ಏನೂ ಬರಲಿಲ್ಲ.

"ಬಂತಾ?" ಎಂದು ಯಜಮಾನರು ಕೇಳಿದರು.

"ಇಲ್ಲ ಕಣ್ರೀ."

"ಇನ್ನೊಂದು ನಿಮಿಷ ತಡಿ. ಡಬ್ಬಿ ಮುಚ್ಚಳ ತೆಗೀಬೇಕಲ್ಲ ಅವನು," ಎಂದರು. ನಮ್ಮವರಿಗೆ ಎಂಥ ಹೊತ್ತಿನಲ್ಲೂ ಸಮಾಧಾನ ಹೆಚ್ಚು. ಅರ್ಧ ಗಂಟೆ ನಿಂತೆವು. ಕೈ ಮಾತ್ರ ಜಗ್ಗುತ್ತಲೇ ಇತ್ತು.

ದೂರು ಕೊಡಬೇಕಾದರೆ ಮೊದಲು ತೂಕದ ಚೀಟಿ ಬೇಕು. ಠಾಣೆಯ ಪಕ್ಕದ ತೂಕದ ಕೋಣೆಯಲ್ಲಿ ಮೂವತ್ತು ವರ್ಷದಿಂದ ಆ ಚೀಟಿ ಬರೆಯುತ್ತಿರುವವರು ನಮ್ಮ ಅತ್ತಿಗೆ, ವನಜಾಕ್ಷಿ. ನನ್ನ ಒಬ್ಬನೇ ಅಣ್ಣನ ಹೆಂಡತಿ. ಮದುವೆಯಾಗಿ ಮೂರೇ ವರ್ಷಕ್ಕೆ ಅಣ್ಣ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಅತ್ತಿಗೆ ಸ್ವಲ್ಪ ಕಾಲ ಅವ್ವನ ಜೊತೆಗಿದ್ದು, ಈ ಕೆಲಸ ಸಿಕ್ಕಿದ ಮೇಲೆ ಕೋಣೆಯ ಹಿಂದಿನ ಸಣ್ಣ ಮನೆಗೆ ಹೋದರು. ಜನ ಬಾಗಿಲಲ್ಲಿ ಕಾಲಿಡುವುದನ್ನು ನೋಡಿಯೇ ಅವರು ಏನು ಹೋಗಿದೆ ಎಂದು ಹೇಳಿಬಿಡುತ್ತಾರೆ. ಆಮೇಲೆ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ, ಹಿಂದಿನ ಆಯುಧಪೂಜೆಯಲ್ಲಿ ಊರವರನ್ನೆಲ್ಲ ತೂಗಿ ಬರೆದಿಟ್ಟ ತೂಕಕ್ಕೆ ಹೋಲಿಸಿ, ನಡುವೆ ತಿಂದ ಹೋಳಿಗೆಯನ್ನೂ ಕಳೆದು ಚೀಟಿ ಬರೆಯುತ್ತಾರೆ. ಅವರ ಚೀಟಿ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ.

ನಾನು ಅಳುತ್ತಲೇ ಒಳಗೆ ಹೋದೆ. "ಅವ್ವನ ಸರ ಹೋಯ್ತು ಅತ್ತಿಗೆ," ಎಂದೆ. ಅತ್ತಿಗೆ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎರಡು ಸಲ ತೂಗಿದರು. ನನ್ನ ಕೊರಳ ಹಿಂದೆ ಎರಡು ಬೆರಳಿಟ್ಟು ನೋಡಿದರು. ಅವರ ಬೆರಳು ತಣ್ಣಗಿದ್ದವು.

"ಕ್ಯಾರಿಯರ್ದು ಬಂದಿದೆ. ಚಿತ್ರಾನ್ನದ್ದು ಅರ್ಧ ಇಳಿದಿದೆ, ಅವನು ಊಟಕ್ಕೆ ಕೂತಿರಬೇಕು," ಎಂದರು. "ಸರದ್ದು ನಿನ್ನ ಮೇಲಿಲ್ಲ ಇಂದೂ."

"ಸರಿಯಾಗಿ ನೋಡಿ ಅತ್ತಿಗೆ!"

"ನೋಡಿದೀನಿ ಕಣೇ."

ಚೀಟಿ ಬರೆಯಲು ಅವರು ಮೇಜಿನ ಮೇಲೆ ಬಗ್ಗಿದರು, ಬಗ್ಗುವಾಗ ಮುಖ ಕಿವುಚಿದರು. ಏನಾಯಿತೆಂದು ಕೇಳಿದ್ದಕ್ಕೆ ಕುತ್ತಿಗೆ ಹಿಡಿದುಕೊಂಡಿದೆ ಎಂದರು. ನೀಲಗಿರಿ ಎಣ್ಣೆ ಹಚ್ಚಿಕೊಳ್ಳಿ ಎಂದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೆ ನಾನು ಅಂದದ್ದು ಅಷ್ಟೇ. ನನ್ನ ದುಃಖ ನನಗಾಗಿತ್ತು.

ಜಮಾದಾರ್ ಕರಿಬಸಪ್ಪ ಚೀಟಿ ನೋಡಿ, ಕ್ಯಾರಿಯರ್ ಕಳವಾಗಿದೆ ಎಂದು ಮಾತ್ರ ಬರೆದುಕೊಂಡರು. "ಸರ ಕಳ್ಳತನ ಆಗಿಲ್ಲಮ್ಮ. ಎಲ್ಲೋ ಬಿದ್ದುಹೋಗಿರುತ್ತೆ. ಬಿದ್ದಿದ್ದನ್ನ ಎತ್ಕೊಂಡ್ರೆ ಭಾರ ಬರಲ್ಲ, ನಿಮಗೆ ಗೊತ್ತಲ್ಲ," ಎಂದರು. ಈ ಮಾತಿನಿಂದ ನನಗೆ ಆಸೆ ಹುಟ್ಟಿತು. ಕಾರಿನ ಸೀಟುಗಳನ್ನು ಬಿಚ್ಚಿಸಿದೆ. ಅಕ್ಕಸಾಲಿಯ ಅಂಗಡಿಯ ಚಾಪೆ ಎತ್ತಿಸಿದೆ. ಅವನು ಪಾಪ, ಕುಲದೇವರ ಮೇಲೆ ಆಣೆ ಇಟ್ಟ. ಮೂರನೆಯ ದಿನ ಗೂಡಿನಲ್ಲಿ ಕ್ಯಾರಿಯರ್ ಸಿಕ್ಕಿತು. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವ ಹಾಗೆ ತೊಳೆದಿದ್ದ ಪುಣ್ಯಾತ್ಮ. ನಾನು ಹಿಡಿದದ್ದೇ ಕೈಯ ಜಗ್ಗಾಟ ನಿಂತು ಕ್ಯಾರಿಯರ್ ಭಾರವಾಯಿತು. ನಾಲ್ಕು ಡಬ್ಬಿಗಳೂ ಖಾಲಿ.

"ಚಿತ್ರಾನ್ನ ಅವನಿಗೆ ಹಿಡಿಸಿರಬೇಕು," ಎಂದರು ಯಜಮಾನರು. ನನಗೆ ನಗು ಬರಲಿಲ್ಲ. ಮಗಳ ಬರಿಗೊರಳು, ಬೀಗಿತ್ತಿಯ ಮುಖ, ಇವೇ ಕಣ್ಣಿಗೆ ಕಟ್ಟುತ್ತಿದ್ದವು. ಅನ್ನ ಸೇರುತ್ತಿರಲಿಲ್ಲ.

ಮದುವೆಗೆ ಹತ್ತು ದಿನ ಇದ್ದಾಗ ಮನೆಯ ಮುಂದೆ ಚಪ್ಪರ ಹಾಕಿಸಿ ನಾಲ್ಕು ಮನೆಯವರನ್ನು ಊಟಕ್ಕೆ ಕರೆದೆವು. ಅತ್ತಿಗೆ ಬೆಳಿಗ್ಗೆಯೇ ಬಂದು ತೆಂಗಿನಕಾಯಿ ತುರಿದುಕೊಟ್ಟಿದ್ದರು. ಮಧ್ಯಾಹ್ನ ಹೆಂಗಸರ ಪಂಕ್ತಿಗೆ ನಾನು ಪಾಯಸ ಬಡಿಸುತ್ತ ಬಂದೆ. ಕೊನೆಯಲ್ಲಿ ಅತ್ತಿಗೆ ಕುಳಿತಿದ್ದರು. ಪಾಯಸಕ್ಕೆ ಎಲೆಯ ಮೂಲೆ ಸರಿಮಾಡಲು ಅವರು ಮುಂದಕ್ಕೆ ಬಗ್ಗಿದರು. ಬಗ್ಗುವಾಗ ಅವರ ಎಡಗೈ ತಾನಾಗಿ ಮೇಲೆ ಬಂದು ಎದೆಯ ಮೇಲೆ ಏನನ್ನೋ ಒತ್ತಿಹಿಡಿಯಿತು. ಅಲ್ಲಿ ಏನೂ ಇರಲಿಲ್ಲ. ಹತ್ತಿಯ ಸೀರೆ, ಕೊರಳಲ್ಲಿ ಒಂದು ಎಳೆ ಕರಿದಾರ ಕೂಡ ಇಲ್ಲ. ಆದರೂ ಅವರು ಎಡಗೈ ತೆಗೆಯದೆ, ಬಲಗೈಯಿಂದ ಪಾಯಸ ಉಂಡರು.

ಸೌಟು ನನ್ನ ಕೈಯಲ್ಲೇ ನಿಂತಿತು. ಅಣ್ಣನ ಮದುವೆಯಲ್ಲಿ ನನಗೆ ಹದಿನಾಲ್ಕು ವರ್ಷ. ಮದುಮಗಳ ಎದುರಿನ ಎಲೆಯಲ್ಲಿ ಜಗಳ ಮಾಡಿ ಕುಳಿತಿದ್ದೆ. ಮದುಮಗಳು ಬಗ್ಗಿದಾಗಲೆಲ್ಲ ಕಾಸಿನ ಸರ ಮುಂದಕ್ಕೆ ಜೋತು ಪಾಯಸಕ್ಕೆ ಬೀಳುವ ಹಾಗಾಗುತ್ತಿತ್ತು, ಅವಳು ಎಡಗೈಯಿಂದ ಅದನ್ನು ಎದೆಗೆ ಒತ್ತಿಹಿಡಿದು ನನ್ನ ಕಡೆ ನೋಡಿ ನಕ್ಕಿದ್ದಳು. ಸರ ಮುಟ್ಟಿ ನೋಡಲಾ ಎಂದು ನಾನು ಕೇಳಿದ್ದೆ. "ನಮ್ಮಮ್ಮ ಕೊಟ್ಟಿದ್ದು," ಎಂದು ಹೇಳಿ ಮುಟ್ಟಲು ಬಿಟ್ಟಿದ್ದಳು. ಅಣ್ಣ ಹೋದ ಹದಿನೈದನೆಯ ದಿನ ಅವ್ವ, "ನಿನ್ನ ಹತ್ರ ಯಾಕೆ, ನಾನು ಇಟ್ಟಿರ್ತೀನಿ ಬಿಡು," ಎಂದು ಅದನ್ನು ತನ್ನ ಪೆಟ್ಟಿಗೆಗೆ ಹಾಕಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಇದೆಲ್ಲ ನನಗೆ ಗೊತ್ತಿತ್ತು. ಸುಳ್ಳು ಹೇಳಬೇಕೆಂದು ನಾನು ಯಾವತ್ತೂ ಹೇಳಿದವಳಲ್ಲ. ಪೆಟ್ಟಿಗೆ ಅವ್ವನದು, ಆದ್ದರಿಂದ ಸರ ಅವ್ವನದು, ಅವ್ವ ನನ್ನವಳು, ಆದ್ದರಿಂದ ಸರ ನನ್ನದು. ಮುತ್ತಜ್ಜಿ ಕುದುರೆ ಗಾಡಿಯಲ್ಲಿ ಬಂದ ಮೇಲೆ ಅತ್ತಿಗೆಯ ತಾಯಿಗೆ ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ.

ಮಾರನೆಯ ದಿನ ಅತ್ತಿಗೆಯ ಮನೆಗೆ ಹೋದೆ. ಅವರು ಬಾಗಿಲ ಬಳಿ ಚಾಪೆ ಹಾಕಿಕೊಂಡು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನನಗೂ ಒಂದು ತಟ್ಟೆ ತಳ್ಳಿದರು. ಒಂದಷ್ಟು ಹೊತ್ತು ಇಬ್ಬರೂ ಹಿಸುಕಿದೆವು.

"ಯಾವತ್ತಿಂದ ಅತ್ತಿಗೆ?" ಎಂದೆ.

ಏನು ಎಂದು ಅವರು ಕೇಳಲಿಲ್ಲ. "ಆವತ್ತೇ ಕಣೇ. ತೂಕದ ಕೋಣೆ ಬೀಗ ತೆಗೀತಿದ್ದೆ. ಯಾರೋ ಹಿಂದಿನಿಂದ ಬಂದು ಕೊರಳಿಗೆ ಹಾಕಿದ ಹಾಗಾಯ್ತು. ತಿರುಗಿ ನೋಡಿದೆ. ನಿಮ್ಮಣ್ಣ ಒಂದೊಂದ್ ಸಲ ಹಾಗೆ ಹಾಕ್ತಿದ್ರು."

"ನಾನು ಬಂದಾಗ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅವ್ವನ ಸರ ಅಂತ ಗೊಳೋ ಅಂತ ಅಳ್ತಾ ನಿಂತಿದ್ದೆ. ಅದು ನಂದು ಕಣೇ, ಅಳು ನಿಲ್ಸು ಅನ್ಲಾ?"

"ಇಷ್ಟು ವರ್ಷದಲ್ಲಿ ಒಂದ್ ಸಲ ಕೇಳಬಹುದಿತ್ತಲ್ಲ ಅತ್ತಿಗೆ."

"ಇಟ್ಟಿರಿ ಅಂತ ಕೊಟ್ಟಿದ್ದೆ. ಅತ್ತೆ ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂದ್ಕೊಂಡೆ. ಆಮೇಲೆ ಅತ್ತೆ ಹೋದ್ರು. ಆಮೇಲೆ ನೀನು ಮುತ್ತಜ್ಜಿ ಕಥೆ ಶುರು ಮಾಡ್ದೆ." ಅತ್ತಿಗೆ ಒಂದು ಕಾಳನ್ನು ಒತ್ತಿದರು, ಅದು ಚಿಮ್ಮಿ ನನ್ನ ತಟ್ಟೆಗೆ ಬಿತ್ತು. "ಕಥೆ ಚೆನ್ನಾಗಿತ್ತು. ಕುದುರೆ ಗಾಡಿ ಬಂದಾಗ ನಾನೂ ನಂಬಿಬಿಟ್ಟೆ."

ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ: ಬಿಟ್ಟೆ ಅಂದುಬಿಡಿ ಅತ್ತಿಗೆ, ನಮ್ಮ ತಪ್ಪನ್ನು ನೀವು ಯಾಕೆ ಹೊರುತ್ತೀರಿ. ದಾರಿಯುದ್ದಕ್ಕೂ ಆ ಮಾತನ್ನೇ ಸಿದ್ಧ ಮಾಡಿಕೊಂಡು ಬಂದಿದ್ದೆ. ನನ್ನ ಬಾಯಿಂದ ಬಂದದ್ದು ಬೇರೆ.

"ಬಿಟ್ಟೆ ಅಂತ ಮಾತ್ರ ಅನ್ನಬೇಡಿ ಅತ್ತಿಗೆ. ಮದುವೆ ಇದೆ."

ಅತ್ತಿಗೆ ನನ್ನ ಮುಖ ನೋಡಿದರು. ಬೈಯುತ್ತಾರೆಂದುಕೊಂಡೆ, ಅವರು ನಕ್ಕರು. "ಅನ್ನಲ್ಲ ಬಿಡು. ನಿನಗೋಸ್ಕರ ಅಲ್ಲ." ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡರು. "ಮೊದಲೆರಡು ದಿನ ಕಷ್ಟ ಆಯ್ತು. ಮಲಗಿದ್ರೂ ತೆಗೆಯೋ ಹಾಗಿಲ್ಲ, ಸ್ನಾನಕ್ಕೂ ತೆಗೆಯೋ ಹಾಗಿಲ್ಲ. ಈಗ ಅಭ್ಯಾಸ ಆಗಿದೆ. ಮೂವತ್ಮೂರು ವರ್ಷ ಆದ್ಮೇಲೆ ಹಾಕ್ಕೊಂಡಿದೀನಿ ಇಂದೂ. ಯಾರಿಗೂ ಕಾಣಲ್ಲ. ಗಂಡ ಸತ್ತವಳಿಗೆ ಇದೆಲ್ಲ ಯಾಕೆ ಅಂತ ಯಾರೂ ಕೇಳಲ್ಲ. ಹಾಕ್ಕೊಂಡೇ ಕೆಲ್ಸಕ್ಕೆ ಹೋಗ್ತೀನಿ, ಹಾಕ್ಕೊಂಡೇ ತರಕಾರಿ ತರ್ತೀನಿ."

ತಟ್ಟೆಯ ಕಾಳೆಲ್ಲ ಮುಗಿಯುವವರೆಗೆ ಹಿಸುಕಿ, ಕೈ ತೊಳೆದುಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ, ಯಜಮಾನರಿಗೂ.

ಮದುವೆಗೆ ಎರಡು ದಿನ ಇದ್ದಾಗ, ಬೆಳಿಗ್ಗೆ, ಜಮಾದಾರ್ ಕರಿಬಸಪ್ಪ ಹಳೆಯ ಪೇಪರಿನ ಪೊಟ್ಟಣ ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಗೂಡಲ್ಲಿತ್ತಮ್ಮ. ಚೀಟೀಲಿ ಇರಲಿಲ್ಲ, ಆದ್ರೂ ನೀವು ಹೇಳಿದ ಗುರುತೇ ಇದೆ. ಮೂವತ್ತೆರಡು ಕಾಸು, ಕೆಂಪು ಪದಕ. ನಿಮ್ಮದೇ ತಾನೆ? ಕೈಲಿ ಹಿಡಿದು ನೋಡಿ, ತೂಕ ಬಂತಾ?"

ಪೊಟ್ಟಣ ಬಿಚ್ಚಿ ಸರವನ್ನು ಅಂಗೈಯಲ್ಲಿ ಹಿಡಿದೆ. ಸರ ಹೊಳೆಯುತ್ತಿತ್ತು. ತೂಕ ಮಾತ್ರ ಏನೇನೂ ಇರಲಿಲ್ಲ, ಗಾಳಿ ಬಂದರೆ ಹಾರಿಹೋಗುತ್ತದೇನೋ ಎನ್ನುವ ಹಾಗಿತ್ತು. ಜಮಾದಾರರು ನೋಡುತ್ತಿದ್ದರು. ನಾನು ಬೇಕೆಂದೇ ಕೈಯನ್ನು ಒಂದಿಷ್ಟು ಕೆಳಗಿಳಿಸಿ, "ಬಂತು," ಎಂದೆ.

ಮದುವೆ ಮುಗಿದ ಸಂಜೆಯೇ ಅತ್ತಿಗೆಗೆ ಕೊಟ್ಟರಾಯಿತು, ಎರಡು ದಿನ ನಾನು ಇಟ್ಟಿರುತ್ತೇನೆ ಎಂದುಕೊಂಡೆ. ಅತ್ತಿಗೆಗೂ ಆ ಭಾರ ಇಷ್ಟವಾಗಿದೆಯಲ್ಲ ಎಂದೂ ಅಂದುಕೊಂಡೆ. ಮನುಷ್ಯನ ತಲೆ ತನಗೆ ಬೇಕಾದಾಗ ಎಷ್ಟು ಚುರುಕಾಗಿ ಓಡುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಚಾರು ಓಡಿ ಬಂದಳು. ಕನ್ನಡಿಯ ಮುಂದೆ ನಿಲ್ಲಿಸಿ ಸರ ಹಾಕಿದೆ. ಎಷ್ಟು ಚೆನ್ನಾಗಿ ಕಂಡಳೆಂದರೆ ನನ್ನ ಕಣ್ಣು ತುಂಬಿತು. ಅವಳು ಆ ಕಡೆ ಈ ಕಡೆ ತಿರುಗಿದಳು, ಒಂದು ಸಲ ಕುಣಿದ ಹಾಗೆ ಮಾಡಿದಳು. ಕಾಸುಗಳು ಸದ್ದಿಲ್ಲದೆ ಹಾರಾಡಿ ಮತ್ತೆ ಕುಳಿತವು. ಅವಳ ನಗು ನಿಂತಿತು.

"ಅಮ್ಮಾ, ಇದು ಹಾಕ್ಕೊಂಡ ಹಾಗೇ ಇಲ್ಲ."

"ಹೊಸ ಮೆರುಗು ಅಲ್ವಾ, ಹಾಗನ್ಸುತ್ತೆ."

"ನಾನೂ ಈ ಊರಲ್ಲೇ ಹುಟ್ಟಿದವಳಮ್ಮ," ಎಂದಳು ಚಾರು. ಸರವನ್ನು ಬೆರಳ ತುದಿಯಲ್ಲಿ ಎತ್ತಿ ಬಿಟ್ಟಳು. ಅದು ನಿಧಾನವಾಗಿ ಇಳಿಯಿತು. "ಇದನ್ನ ಈಗ ಯಾರು ಹೊತ್ಕೊಂಡಿದಾರೆ?"

ಮಗಳ ಮುಖ ನೋಡಿಕೊಂಡು ಇನ್ನೊಂದು ಕಥೆ ಕಟ್ಟುವ ಶಕ್ತಿ ನನಗಿರಲಿಲ್ಲ. ಮಂಚದ ಮೇಲೆ ಕುಳಿತು ಎಲ್ಲ ಹೇಳಿದೆ. ಅಣ್ಣನ ಮದುವೆ, ಅವ್ವನ ಪೆಟ್ಟಿಗೆ, ಅವರೆಕಾಳು, ಈಗಷ್ಟೇ ಜಮಾದಾರರ ಮುಂದೆ ಕೈ ಇಳಿಸಿದ್ದು, ಎಲ್ಲವನ್ನೂ. ಚಾರು ಕೊಕ್ಕೆ ಬಿಚ್ಚಿ ಸರವನ್ನು ನನ್ನ ಮಡಿಲಲ್ಲಿಟ್ಟಳು. ಅವಳಿಗೆ ಸಿಟ್ಟು ಬಂದಾಗ ಧ್ವನಿ ಸಣ್ಣದಾಗುತ್ತದೆ.

"ಕಳ್ಳನಿಗೆ ಇಪ್ಪತ್ತು ದಿನಕ್ಕೆ ಸಾಕಾಯ್ತು, ತಂದಿಟ್ಟುಹೋದ," ಎಂದಳು. "ನಾವು ಎಷ್ಟು ವರ್ಷ ಇಟ್ಕೊಂಡಿದ್ವಿ?"

ಸರವನ್ನು ಮುಷ್ಟಿಯಲ್ಲಿ ಹಿಡಿದು ಸೆರಗು ಹೊದ್ದುಕೊಂಡು ಹೊರಟೆ. ಮನೆ ತುಂಬ ನೆಂಟರು, ಹೂವಿನವನು ಅಂಗಳದಲ್ಲಿ ಕಾಯುತ್ತಿದ್ದ, ಯಜಮಾನರು ಎಲ್ಲಿಗೆ ಎಂದು ಕೂಗಿದರು. ನಿಲ್ಲಲಿಲ್ಲ. ನಿಂತರೆ ಇನ್ನೊಂದು ನೆಪ ಸಿಗುತ್ತದೆಂದು ನನಗೆ ನನ್ನ ಬಗ್ಗೆಯೇ ಭಯವಿತ್ತು.

ತೂಕದ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಅತ್ತಿಗೆ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ಗದ್ದ ಎದೆಯ ಕಡೆ ಇಳಿದಿತ್ತು, ಹತ್ತು ವರ್ಷ ಹೆಚ್ಚಾದವರ ಹಾಗೆ ಕಂಡರು. ನಾನು ಸರ ಹಿಡಿದ ಕೈ ಮುಂದೆ ಮಾಡಿದೆ. ಅವರು ಸರವನ್ನು ನೋಡಿದರು, ನನ್ನನ್ನು ನೋಡಿದರು, ಒರೆಸುವ ಬಟ್ಟೆ ಕೆಳಗಿಟ್ಟು ಅಂಗೈ ಒಡ್ಡಿದರು. ಸರ ಅವರ ಕೈಗೆ ಬಿದ್ದಾಗ ಝಲ್ ಎಂದಿತು. ಅವರ ಕೈ ಕೆಳಗಿಳಿಯಿತು, ಇಳಿಸಿದ್ದಲ್ಲ, ಇಳಿಯಿತು. ಅದೇ ಹೊತ್ತಿಗೆ ಅವರ ಕುತ್ತಿಗೆ ಮೇಲೆ ಬಂತು. ಅವರು ಇನ್ನೊಂದು ಕೈಯಿಂದ ಕೊರಳು ಮುಟ್ಟಿಕೊಂಡರು.

"ಅಯ್ಯೋ, ಬರಿದಾಯ್ತಲ್ಲೇ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ಇಲ್ಲಿ ಬನ್ನಿ, ಹಾಕ್ತೀನಿ."

"ಈಗ ಎಲ್ರಿಗೂ ಕಾಣುತ್ತೆ ಇಂದೂ."

"ಕಾಣ್ಲಿ."

ಅವರು ತಕ್ಕಡಿಯ ಅಂಚಿನ ಮೇಲೆ ಕುಳಿತರು. ನಾನು ಹಿಂದೆ ನಿಂತು ಕೊಕ್ಕೆ ಹಾಕಿದೆ. ಮೂರು ಸಲ ತಪ್ಪಿತು. ಅವರ ಕೊರಳ ಹಿಂದೆ ಸರ ಕೂರುವ ಜಾಗದಲ್ಲಿ ಕೆಂಪಾದ ಗೆರೆ ಇತ್ತು.

"ಚಾರು ಏನು ಹಾಕ್ಕೋತಾಳೆ?" ಎಂದು ಕೇಳಿದರು.

"ಹವಳದ ಸರ ಇದೆ."

ಅವರು ಹೂಂ ಎಂದರು. ಮದುವೆಯ ದಿನ ಒಂದೇ ದಿನ ಚಾರು ಹಾಕಿಕೊಳ್ಳಲಿ ಎಂದು ಅವರು ಅನ್ನಬಹುದೆಂದು ನಾನು ಕಾದೆ. ಸುಳ್ಳೇಕೆ, ಚೆನ್ನಾಗಿಯೇ ಕಾದೆ. ಅವರು ಅನ್ನಲಿಲ್ಲ. ಕಾಸುಗಳನ್ನು ಒಂದೊಂದಾಗಿ ತಿರುಗಿಸುತ್ತ ಕುಳಿತಿದ್ದರು. ಅವರು ಅನ್ನದೇ ಇದ್ದದ್ದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ, ಅವತ್ತು ಅನ್ನಿಸಲಿಲ್ಲ.

"ಹಾಕ್ಕೊಂಡೇ ಮದುವೆಗೆ ಬನ್ನಿ ಅತ್ತಿಗೆ," ಎಂದು ಹೇಳಿ ಬಂದೆ. ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ಬಂದರು. ಧಾರೆಗೆ ಅರ್ಧ ಗಂಟೆ ಇರುವಾಗ, ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು, ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು ಒಳಗೆ ಬಂದರು. ಕಾಸಿನ ಸರ ಹೊಟ್ಟೆಯವರೆಗೆ ಇಳಿದಿತ್ತು. ಹೆಂಗಸರ ಸಾಲಿನಲ್ಲಿ ಮಾತು ನಿಂತು, ಮತ್ತೆ ಗುಸುಗುಸು ಎಂದು ಶುರುವಾಯಿತು. ಅತ್ತಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನೋಡಿ ಕುಳಿತರು. ಚಾರು ಮಂಟಪದಿಂದಲೇ ಅವರಿಗೆ ಕೈ ಬೀಸಿದಳು, ಪುರೋಹಿತರು ಗದರಿದರು.

ಸರ್ವಮಂಗಳಮ್ಮ ನೇರ ನನ್ನ ಹತ್ತಿರ ಬಂದರು. ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. "ಏನ್ರೀ ಇಂದುಮತಿಯವ್ರೇ, ಸರ ಸಿಕ್ತು ಅಂದ್ರು. ಹುಡುಗಿ ಕೊರಳಲ್ಲಿ ಯಾಕಿಲ್ಲ? ನಿಮ್ಮ ಅತ್ತಿಗೆ ಕೊರಳಲ್ಲಿರೋದು ನಿಮ್ಮ ಮುತ್ತಜ್ಜಿ ಸರ ಅಲ್ವಾ?"

ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಈ ಕಥೆಯನ್ನು ನನ್ನ ಬಾಯಿಂದ ಕೇಳದವರು ಆ ಚಪ್ಪರದಲ್ಲಿ ಒಬ್ಬರೂ ಇರಲಿಲ್ಲ. ಅತ್ತಿಗೆ ಈ ಕಡೆ ನೋಡಲಿಲ್ಲ, ಆದರೆ ಸರ ತಿರುಗಿಸುತ್ತಿದ್ದ ಅವರ ಬೆರಳು ನಿಂತಿತ್ತು. ಹುಡುಗಿಯ ಅತ್ತೆ ಮನೆಯವರ ಮುಂದೆ ಮಾನ ಹೋಗುತ್ತದೆಂದು ಗೊತ್ತಿತ್ತು.

"ಮುತ್ತಜ್ಜಿದಲ್ಲ," ಎಂದೆ. ಇನ್ನೊಂದು ಸಲ ಜೋರಾಗಿ ಹೇಳಿದೆ. "ಮುತ್ತಜ್ಜಿದೂ ಅಲ್ಲ, ಅವ್ವಂದೂ ಅಲ್ಲ. ಅದು ನಮ್ಮ ಅತ್ತಿಗೆದು, ಅವರಮ್ಮ ಅವರಿಗೆ ಕೊಟ್ಟಿದ್ದು. ನಾವು ಇಟ್ಕೊಂಡುಬಿಟ್ಟಿದ್ವಿ."

"ಮತ್ತೆ ಪಾಳೆಯಗಾರ್ರು?"

"ಅವ್ರನ್ನ ನಾನೇ ಕರ್ಕೊಂಡು ಬಂದಿದ್ದೆ."

ಯಜಮಾನರು ಹಿಂದಿನಿಂದ ಕೆಮ್ಮಿದರು. ಸರ್ವಮಂಗಳಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತರು. ಪದಕವನ್ನು ಕೈಯಲ್ಲಿ ಹಿಡಿದು ಏನೋ ಕೇಳುತ್ತಿದ್ದರು. ವಾದ್ಯದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಆದರೆ ಅತ್ತಿಗೆ "ನಮ್ಮಮ್ಮ" ಎಂದು ಶುರುಮಾಡಿದ್ದು ಅವರ ತುಟಿಯಿಂದ ಗೊತ್ತಾಯಿತು. ಬಹಳ ಹೊತ್ತು ಮಾತಾಡಿದರು. ಅವರ ತಾಯಿಯ ಹೆಸರು ಏನೆಂದು ನನಗೆ ಗೊತ್ತಿಲ್ಲವೆಂಬುದು ಆಗ ನೆನಪಾಯಿತು. ಆಮೇಲೆ ಕೇಳಿ ತಿಳಿದುಕೊಂಡೆ. ಪುಟ್ಟಗೌರಮ್ಮ.

ಧಾರೆಯಾಯಿತು. ಹವಳದ ಸರದಲ್ಲಿ ನನ್ನ ಮಗಳು ಚೆನ್ನಾಗಿಯೇ ಕಂಡಳು. ಊಟದ ಮೊದಲ ಪಂಕ್ತಿಗೆ ನಾನೇ ಪಾಯಸ ಹಿಡಿದು ಹೊರಟೆ. ಅತ್ತಿಗೆ ಸಾಲಿನ ನಡುವೆ, ಬೀಗಿತ್ತಿಯ ಪಕ್ಕದಲ್ಲಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ನಾನು ಸೌಟು ಎತ್ತಿದಾಗ ಎಲೆಯ ಮೂಲೆ ಸರಿಮಾಡಲು ಮುಂದಕ್ಕೆ ಬಗ್ಗಿದರು. ಸರ ಝಲ್ ಎಂದು ಮುಂದಕ್ಕೆ ಜೋತಿತು, ಎಡಗೈ ಬಂದು ಅದನ್ನು ಎದೆಗೆ ಒತ್ತಿಹಿಡಿಯಿತು. ಅವರು ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕರು.

"ಇನ್ನೊಂದು ಸೌಟು ಹಾಕೇ," ಎಂದರು.